ಇಮೇಲ್, ವಾಟ್ಸಾಪ್, ಫೇಸ್‌ಬುಕ್ ಮತ್ತು ನಮ್ಮ ಗುಟ್ಟು: ನನ್ನ ಕೌಂಟರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ನನ್ನದೊಂದು ಪುಟ್ಟ ಅಂಗಡಿ ಇದೆ. ಜೆರಾಕ್ಸ್, ಟೈಪಿಂಗ್, ಪಹಣಿ ಪ್ರಿಂಟು, ಆನ್‌ಲೈನ್ ಅರ್ಜಿ, ಇಷ್ಟೇ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಕೋರ್ಟು, ಮಂಡಿ, ಆಸ್ಪತ್ರೆ ಅಂತ ಪೇಟೆಗೆ ಬಂದವರು ಬಸ್ಸಿಗೆ ಇನ್ನೂ ಹೊತ್ತಿದ್ದರೆ ಇಲ್ಲಿ ಬಂದು ಕೂರುತ್ತಾರೆ. ಫೋನ್ ತೆಗೆದು ಕೌಂಟರಿನ ಮೇಲಿಟ್ಟು, "ಇದಕ್ಕೇನಾಗಿದೆ ನೋಡಿ ಮಾರಾಯ್ರೆ" ಅನ್ನುತ್ತಾರೆ. ಹಾಗೆ ಬಂದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಕೇಳಿದವರ ಹೆಸರು, ಊರು ಹಾಕಿಲ್ಲ. ಗುಟ್ಟು ಕಾಪಾಡುವ ಬಗ್ಗೆ ಬರೆಯುತ್ತಾ ಅವರ ಗುಟ್ಟನ್ನೇ ಬಯಲು ಮಾಡಿದರೆ ಹೇಗೆ?

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಯಾವುದೋ ದೇಶದಲ್ಲಿ ಕೂತ ಹ್ಯಾಕರ್‌ಗೆ ಎಲ್ಲರೂ ಹೆದರುತ್ತಾರೆ. ನಾನು ಕಂಡಂತೆ ನಮ್ಮ ಕಡೆ ಗುಟ್ಟು ಹೋಗುವುದು ಹೆಚ್ಚಾಗಿ ಪರಿಚಯದವರ ಕೈಯಿಂದ. ಅಂಗಡಿಯವರು, ಅಳಿಯ, ಪಕ್ಕದ ಮನೆ ಹುಡುಗ. ಯಾರೂ ಕೆಟ್ಟವರಲ್ಲ. ಬೇಲಿಯ ದಾರಿಗೆ ಅಡ್ಡ ಹಾಕಿದ ಉಣುಗೋಲು ತೆಗೆದು ಒಳಗೆ ಬಂದವರು ಹೋಗುವಾಗ ಹಾಕಲು ಮರೆತಿರುತ್ತಾರೆ, ಅಷ್ಟೇ. ದನ ನುಗ್ಗಿದ ಮೇಲೆ ಯಾರು ಮರೆತರು ಅಂತ ಹುಡುಕಿ ಏನು ಬಂತು?

ನಾವು ಅಡಿಕೆ ಬೆಳೆಯುವವರು. ನಮ್ಮ ಇಮೇಲ್ ಕದ್ದು ಯಾರಿಗೇನು ಸಿಗುತ್ತೆ?

ಈಗಲೇ ಒಂದು ಕೆಲಸ ಮಾಡಿ. ನಿಮ್ಮ ಜಿಮೇಲ್ ತೆರೆದು ಮೇಲಿನ ಹುಡುಕುವ ಜಾಗದಲ್ಲಿ 'ಆಧಾರ್' ಅಂತ ಇಂಗ್ಲಿಷಿನಲ್ಲಿ ಹೊಡೆಯಿರಿ. ಆಮೇಲೆ 'ಪ್ಯಾನ್', 'ಸ್ಟೇಟ್‌ಮೆಂಟ್', 'ಪಾಲಿಸಿ' ಅಂತ ಹೊಡೆಯಿರಿ. ಯಾವತ್ತೋ ಸಾಲಕ್ಕೆ ಅರ್ಜಿ ಹಾಕುವಾಗ ಕಳಿಸಿದ ಪಾಸ್‌ಬುಕ್ ಪುಟ, ಮಗನ ಅಂಕಪಟ್ಟಿ, ಜಮೀನಿನ ಪತ್ರ, ಎಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ನಾನು ಮೊದಲ ಸಲ ಹುಡುಕಿದಾಗ ನನಗೇ ಬೆವರು ಬಂತು.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಫೇಸ್‌ಬುಕ್ ಪಾಸ್‌ವರ್ಡ್ ಮರೆತರೆ ಹೊಸದು ಮಾಡುವ ಕೊಂಡಿ ಬರುವುದು ಇಮೇಲಿಗೆ. ಶಾಪಿಂಗ್ ಆಪ್, ವಿಮೆ, ರೈಲ್ವೆ ಟಿಕೆಟ್ ಎಲ್ಲದಕ್ಕೂ ಹೀಗೆಯೇ. ಅಂದರೆ ಇಮೇಲ್ ಸಿಕ್ಕಿದವನು ಉಳಿದದ್ದನ್ನು ಕದಿಯಬೇಕಾಗಿಲ್ಲ. ಕೇಳಿದರೆ ಸಾಕು, ಅವರೇ ಕಳಿಸುತ್ತಾರೆ. ಆಂಡ್ರಾಯ್ಡ್ ಫೋನಿನ ಫೋಟೋ, ಕಾಂಟ್ಯಾಕ್ಟ್, ವಾಟ್ಸಾಪ್ ಬ್ಯಾಕಪ್ ಕೂಡ ಸಾಮಾನ್ಯವಾಗಿ ಅದೇ ಗೂಗಲ್ ಖಾತೆಯಲ್ಲಿ ಇರುತ್ತವೆ.

ನನ್ನ ಜಿಮೇಲ್ ಮೊಬೈಲ್ ಅಂಗಡಿಯವರು ಮಾಡಿಕೊಟ್ಟಿದ್ದು. ಪಾಸ್‌ವರ್ಡ್ ನನಗೆ ಗೊತ್ತಿಲ್ಲ. ಫೋನ್ ನಡೀತಾ ಇದೆಯಲ್ಲ, ಸಾಕಲ್ವಾ?

ಸಾಕಾಗಲ್ಲ. ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹೊಸ ಫೋನ್ ಕೊಂಡ ದಿನ ನಡೆಯುವುದೇನು? ಅಂಗಡಿಯ ಹುಡುಗ ನಿಮ್ಮ ಹೆಸರು ಕೇಳುತ್ತಾನೆ. ಹೆಸರಿನ ಮುಂದೆ ಒಂದಿಷ್ಟು ಅಂಕಿ ಸೇರಿಸಿ ಖಾತೆ ಮಾಡುತ್ತಾನೆ. ಹುಟ್ಟಿದ ದಿನ ಅಂತ ಬಾಯಿಗೆ ಬಂದದ್ದು ಹಾಕುತ್ತಾನೆ. ಪಾಸ್‌ವರ್ಡ್ ಎಲ್ಲ ಗಿರಾಕಿಗಳಿಗೂ ಒಂದೇ ಇಡುತ್ತಾನೆ, ಅವನಿಗೂ ನೆನಪಿರಬೇಕಲ್ಲ. ರಿಕವರಿ ನಂಬರ್, ಅಂದರೆ ಪಾಸ್‌ವರ್ಡ್ ಮರೆತಾಗ ಕೋಡು ಬರುವ ನಂಬರ್, ಕೇಳಿದಾಗ ನಿಮ್ಮ ಸಿಮ್ ಇನ್ನೂ ಚಾಲೂ ಆಗಿರುವುದಿಲ್ಲ. ತನ್ನ ನಂಬರ್ ಹಾಕಿಬಿಡುತ್ತಾನೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ನೀವು ಖುಷಿಯಿಂದ ಬಸ್ ಹತ್ತುತ್ತೀರಿ. ಆ ಖಾತೆ ನಿಮ್ಮ ಹೆಸರಿನಲ್ಲಿದೆ, ನಿಜ. ಆದರೆ ಕೀಲಿಕೈ ಅವನ ಹತ್ತಿರ ಇದೆ.

ಬೈಯುವ ಹಕ್ಕು ನನಗಿಲ್ಲ. ನಾನೂ ಇದನ್ನೇ ಮಾಡುತ್ತಿದ್ದೆ. ವಿದ್ಯಾರ್ಥಿವೇತನದ ಅರ್ಜಿಗೆ ಇಮೇಲ್ ಬೇಕು ಅಂದಾಗ ಅಂಗಡಿಯ ನಂಬರನ್ನೇ ರಿಕವರಿಗೆ ಹಾಕುತ್ತಿದ್ದೆ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಲ್ಲರ ಇಮೇಲ್, ಪಾಸ್‌ವರ್ಡ್, ಆಧಾರ್ ನಂಬರ್ ಬರೆದಿಡುತ್ತಿದ್ದೆ. ಮುಂದಿನ ವರ್ಷ ಅವರು ಬಂದಾಗ ಬೇಗ ಆಗಲಿ ಅಂತ. ಒಂದು ಮಳೆಗಾಲದಲ್ಲಿ ಆ ಪುಸ್ತಕ ಎರಡು ದಿನ ಕಾಣಲಿಲ್ಲ. ಪಕ್ಕದ ಹೋಟೆಲಿನ ಗಲ್ಲಾ ಮೇಲೆ ಸಿಕ್ಕಿತು. ಚಿಲ್ಲರೆ ತರಲು ಹೋದಾಗ ನಾನೇ ಮರೆತು ಬಂದಿದ್ದೆ. ಯಾರಾದರೂ ಫೋಟೋ ತೆಗೆದುಕೊಂಡರೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಅವತ್ತು ಸಂಜೆ ಅದನ್ನು ಬಚ್ಚಲ ಒಲೆಗೆ ಹಾಕಿದೆ. ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಪಾಸ್‌ವರ್ಡ್ ಬದಲಿಸಿ ಅಂದೆ. ಅರ್ಧ ಜನ ನನ್ನನ್ನೇ ಮೋಸಗಾರ ಅಂದುಕೊಂಡು ಫೋನ್ ಇಟ್ಟರು! ಒಳ್ಳೇದೇ ಆಯಿತು ಬಿಡಿ.

ಈಗ ನೀವು ಮಾಡಬೇಕಾದದ್ದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಅಂತ ಇರುತ್ತದೆ. ಅಲ್ಲಿಂದ ನಿಮ್ಮ ಖಾತೆಗೆ ಹೋಗಿ, ಸೆಕ್ಯುರಿಟಿ ಭಾಗ ತೆರೆಯಿರಿ. ರಿಕವರಿ ಫೋನ್, ರಿಕವರಿ ಇಮೇಲ್ ಯಾರದ್ದಿದೆ ನೋಡಿ. ನಿಮ್ಮದಲ್ಲದಿದ್ದರೆ ತೆಗೆದು ನಿಮ್ಮದು ಹಾಕಿ. ಪಾಸ್‌ವರ್ಡ್ ಕೇಳಿದರೆ, ಮರೆತಿದ್ದೇನೆ ಅನ್ನುವ ಕೊಂಡಿ ಒತ್ತಿ. ದಿನಾ ಬಳಸುವ ಫೋನಿನಿಂದ, ದಿನಾ ಇರುವ ಜಾಗದಿಂದ ಕೇಳಿದರೆ ಗೂಗಲ್ ನಂಬುವ ಸಾಧ್ಯತೆ ಜಾಸ್ತಿ. ಅದಕ್ಕೇ ಈ ಕೆಲಸವನ್ನು ಈಗಿರುವ ಫೋನ್ ಕೆಡುವ ಮೊದಲೇ ಮಾಡಬೇಕು. ಫೋನ್ ತುಂಗೆಗೆ ಬಿದ್ದ ಮೇಲೆ ಬಂದರೆ ನಾನೂ ಏನೂ ಮಾಡಲಾರೆ. ಅಲ್ಲೇ 'ನಿಮ್ಮ ಸಾಧನಗಳು' ಅಂತ ಒಂದು ಪಟ್ಟಿ ಇದೆ. ಗುರುತಿಲ್ಲದ ಫೋನು, ಕಂಪ್ಯೂಟರು ಕಂಡರೆ ಸೈನ್ ಔಟ್ ಮಾಡಿ.

ನಮ್ಮೂರಲ್ಲಿ ಹಳೇ ಸಿಮ್‌ಗೆ ಸಿಗ್ನಲ್ ಇಲ್ಲ. ಬೇರೆ ಕಂಪನಿಯ ಹೊಸ ನಂಬರ್ ತಗೊಂಡೆ. ಹಳೇದನ್ನು ಹಾಗೇ ಬಿಟ್ಟರೆ ಏನಾದ್ರೂ ತೊಂದರೆನಾ?

ಇದು ನಮ್ಮ ಮಲೆನಾಡಿಗೇ ಅಂಟಿದ ರೋಗ. ಆಗುಂಬೆ ಕಡೆಯ ತಿರುವಿನಲ್ಲಿ ಒಂದು ಕಂಪನಿ ಹಿಡಿದರೆ, ಗುಡ್ಡದ ಆಚೆ ಇನ್ನೊಂದು. ಹೊಸ ಟವರ್ ಬಂದಾಗ ಊರಿಗೆ ಊರೇ ಸಿಮ್ ಬದಲಿಸುತ್ತದೆ. ಹಳೆಯದಕ್ಕೆ ರೀಚಾರ್ಜ್ ನಿಲ್ಲುತ್ತದೆ, ನಂಬರ್ ರದ್ದಾಗುತ್ತದೆ. ರದ್ದಾದ ನಂಬರನ್ನು ಕಂಪನಿ 90 ದಿನ ಕಳೆದ ಮೇಲೆ ಇನ್ನೊಬ್ಬರಿಗೆ ಕೊಡಬಹುದು. ಆ ಇನ್ನೊಬ್ಬರ ಫೋನಿಗೆ ನಿಮ್ಮ ಬ್ಯಾಂಕಿನ ಮೆಸೇಜು, ಜಿಮೇಲ್ ರಿಕವರಿ ಕೋಡು ಬರಲು ಶುರು.

ಹಾಗಾಗಿ ಆದಷ್ಟು ಪೋರ್ಟ್ ಮಾಡಿಸಿ, ಅಂದರೆ ಕಂಪನಿ ಮಾತ್ರ ಬದಲಿಸಿ ಅದೇ ನಂಬರ್ ಇಟ್ಟುಕೊಳ್ಳಿ. ಬದಲಿಸಲೇಬೇಕು ಅಂದರೆ ಹಳೇ ಸಿಮ್ ಜೀವಂತ ಇರುವಾಗಲೇ ಬ್ಯಾಂಕು, ಆಧಾರ್, ಜಿಮೇಲ್, ಫೇಸ್‌ಬುಕ್, ಗ್ಯಾಸ್ ಎಲ್ಲದರಲ್ಲೂ ಹೊಸ ನಂಬರ್ ಹಾಕಿಸಿ. ವಾಟ್ಸಾಪ್‌ನಲ್ಲಿ 'ಚೇಂಜ್ ನಂಬರ್' ಅನ್ನುವ ಆಯ್ಕೆಯೇ ಇದೆ. ಹಾಗೆಯೇ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಬಹುದು. ಗೊತ್ತಿಲ್ಲದ ನಂಬರ್ ಕಂಡರೆ ಅಲ್ಲೇ ದೂರು ಕೊಡಬಹುದು.

ಪಾಸ್‌ವರ್ಡ್ ನೆನಪಿರಲ್ಲ. ಡೈರಿಯಲ್ಲಿ ಬರೆದಿಡಬಹುದಾ?

ಬರೆದಿಡಿ. ಕಂಪ್ಯೂಟರ್ ಓದಿದವರು ಬಯ್ಯಬಹುದು, ನನ್ನ ಅಭಿಪ್ರಾಯ ಬೇರೆ. ಮನೆಯ ಟ್ರಂಕಿನಲ್ಲಿ ಜಮೀನಿನ ಪತ್ರದ ಜೊತೆ ಇರುವ ಡೈರಿಯನ್ನು ಇಂಟರ್‌ನೆಟ್ಟಿನ ಕಳ್ಳ ಓದಲಾರ. ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಡುವುದು ಇದಕ್ಕಿಂತ ಬಹಳ ಅಪಾಯ. ಡೈರಿಯನ್ನು ಪೇಟೆಗೆ ತರಬೇಡಿ, ಫೋಟೋ ತೆಗೆದು ಫೋನಿನಲ್ಲಿ ಇಡಬೇಡಿ, ಅಷ್ಟೇ.

ಒಂದೇ ಪಾಸ್‌ವರ್ಡ್ ಯಾಕೆ ಬೇಡ? ನೀವು ಎಷ್ಟೇ ಹುಷಾರಿದ್ದರೂ ಕಂಪನಿಗಳ ಕಡೆಯಿಂದಲೇ ಸೋರುತ್ತದೆ. 2021ರ ಏಪ್ರಿಲ್‌ನಲ್ಲಿ 53 ಕೋಟಿಗೂ ಹೆಚ್ಚು ಫೇಸ್‌ಬುಕ್ ಬಳಕೆದಾರರ ಫೋನ್ ನಂಬರ್ ಮತ್ತಿತರ ವಿವರ ಬಯಲಿಗೆ ಬಂದವು. ಅದರಲ್ಲಿ ಸುಮಾರು 61 ಲಕ್ಷ ಭಾರತದವರದ್ದು. ಅದರಲ್ಲಿ ಪಾಸ್‌ವರ್ಡ್ ಇರಲಿಲ್ಲ. ಆದರೆ ಬೇರೆ ಕಂಪನಿಗಳಿಂದ ಪಾಸ್‌ವರ್ಡ್ ಸೋರಿದ್ದೂ ಉಂಟು. ಹಾಗೆ ಎಲ್ಲೋ ಒಂದು ಶಾಪಿಂಗ್ ತಾಣದಲ್ಲಿ ಸೋರಿದ್ದನ್ನು ಹಿಡಿದು ಕಳ್ಳರು ಜಿಮೇಲಿಗೂ ಹಾಕಿ ನೋಡುತ್ತಾರೆ. 'ಹ್ಯಾವ್ ಐ ಬೀನ್ ಪೋನ್ಡ್' ಅನ್ನುವ ಜಾಲತಾಣದಲ್ಲಿ ನಿಮ್ಮ ಇಮೇಲ್ ವಿಳಾಸ ಕೊಟ್ಟರೆ ಯಾವ ಯಾವ ಸೋರಿಕೆಯಲ್ಲಿ ಅದಿದೆ ಅಂತ ಹೇಳುತ್ತದೆ. 2013ರಿಂದ ನಡೆಯುತ್ತಿದೆ, ಪುಕ್ಕಟೆ.

ಪಾಸ್‌ವರ್ಡ್ ಉದ್ದ ಇರಲಿ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಪದ ಜೋಡಿಸಿ. ಮಗಳ ಹೆಸರು, ಬೈಕಿನ ನಂಬರು, ಮನೆದೇವರ ಹೆಸರು ಬೇಡ. ಅವು ಊರಿಗೆಲ್ಲ ಗೊತ್ತು. ಇದರ ಜೊತೆ ಟೂ ಸ್ಟೆಪ್ ವೆರಿಫಿಕೇಷನ್ ಹಾಕಿ, ಅಂದರೆ ಒಂದು ಬೀಗದ ಮೇಲೆ ಇನ್ನೊಂದು ಬೀಗ. ಜಿಮೇಲ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ನಾಲ್ಕರಲ್ಲೂ ಇದೆ. ಎಸ್‌ಎಂಎಸ್ ಕೋಡು ಬರಲು ಗುಡ್ಡ ಹತ್ತಬೇಕಾದ ಊರಿನವರು ವಾಟ್ಸಾಪ್ ಬಿಟ್ಟು ಉಳಿದ ಮೂರಕ್ಕೆ, ಫೋನಿನಲ್ಲೇ ಕೋಡು ಹುಟ್ಟಿಸುವ ಅಥೆಂಟಿಕೇಟರ್ ಆಪ್ ಬಳಸಿ. ಅದಕ್ಕೆ ಸಿಗ್ನಲ್ಲೇ ಬೇಡ.

ಗೂಗಲ್‌ನವರು ನಮ್ಮ ಮೇಲ್ ಓದ್ತಾರಂತೆ. ವಾಟ್ಸಾಪ್‌ನವರೂ ಓದ್ತಾರಾ?

ಎರಡೂ ಬೇರೆ ಬೇರೆ. 2004ರಲ್ಲಿ ಜಿಮೇಲ್ ಶುರುವಾದಾಗ ಮೇಲ್‌ನಲ್ಲಿರುವ ಪದಗಳನ್ನು ಯಂತ್ರ ಜಾಲಾಡಿ ಅದಕ್ಕೆ ತಕ್ಕ ಜಾಹೀರಾತು ತೋರಿಸುತ್ತಿತ್ತು. ಜನ ಗಲಾಟೆ ಮಾಡಿದರು. ಆ ರೂಢಿ ನಿಲ್ಲಿಸುವುದಾಗಿ 2017ರಲ್ಲಿ ಗೂಗಲ್ ಹೇಳಿತು. ಆದರೂ ಮೇಲ್ ಇರುವುದು ಅವರ ಕಂಪ್ಯೂಟರಿನಲ್ಲಿ. ಸ್ಪ್ಯಾಮ್ ಹಿಡಿಯಲು, ವೈರಸ್ ಹಿಡಿಯಲು ಯಂತ್ರ ನೋಡುತ್ತದೆ. ಇಮೇಲ್ ಅನ್ನುವುದು ಹೆಚ್ಚುಕಡಿಮೆ ಅಂಚೆ ಕಾರ್ಡಿನ ಹಾಗೆ ಅಂದುಕೊಂಡು ಬರೆಯಿರಿ.

ವಾಟ್ಸಾಪ್‌ನಲ್ಲಿ 2016ರ ಏಪ್ರಿಲ್‌ನಿಂದ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಇದೆ. ಕಳಿಸಿದವರ ಫೋನಿನಲ್ಲಿ ಬೀಗ ಬೀಳುತ್ತದೆ, ಪಡೆದವರ ಫೋನಿನಲ್ಲಿ ಬಿಚ್ಚುತ್ತದೆ. ನಡುವೆ ಕಂಪನಿಗೂ ಓದಲು ಆಗುವುದಿಲ್ಲ. ಆದರೆ ಯಾರು ಯಾರಿಗೆ, ಯಾವಾಗ ಕಳಿಸಿದರು ಅನ್ನುವುದು ಗೊತ್ತಾಗುತ್ತದೆ. ಕಾಗದ ಒಡೆಯದಿದ್ದರೂ ಅಂಚೆಯಣ್ಣನಿಗೆ ಯಾರ ಮನೆಗೆ ಎಲ್ಲಿಂದ ಕಾಗದ ಬಂತು ಅಂತ ಗೊತ್ತಿರುತ್ತಲ್ಲ, ಹಾಗೆ.

ಇಲ್ಲಿ ಬಹಳ ಜನ ಎಡವುವ ಜಾಗ ಬ್ಯಾಕಪ್. ಗೂಗಲ್ ಡ್ರೈವಿಗೆ ಹೋಗುವ ವಾಟ್ಸಾಪ್ ಬ್ಯಾಕಪ್‌ಗೆ ಆ ಬೀಗ ತಾನಾಗಿ ಬೀಳುವುದಿಲ್ಲ. ಚಾಟ್ ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ನೀವೇ ಆನ್ ಮಾಡಬೇಕು. 2021ರಲ್ಲಿ ಈ ಸೌಲಭ್ಯ ಬಂತು. ಅದಕ್ಕೆ ಇಟ್ಟ ಪಾಸ್‌ವರ್ಡ್ ಮರೆತರೆ ವಾಟ್ಸಾಪ್‌ನವರೂ ತೆಗೆದುಕೊಡಲಾರರು. ಮತ್ತೆ ಡೈರಿ!

ಸಂಘದ ಸದಸ್ಯರಿಗೆಲ್ಲ ಒಂದೇ ಸಲ ಮೇಲ್ ಕಳಿಸಿದೆ. ಒಬ್ಬರು ಸಿಟ್ಟು ಮಾಡಿಕೊಂಡರು. ಯಾಕೆ?

ಎಲ್ಲರ ವಿಳಾಸ ಎಲ್ಲರಿಗೂ ಕಾಣುವ ಹಾಗೆ ಕಳಿಸಿರುತ್ತೀರಿ. ವಿಳಾಸಗಳನ್ನು 'ಬಿಸಿಸಿ' ಜಾಗದಲ್ಲಿ ಹಾಕಿ, 'ಟು' ಜಾಗದಲ್ಲಿ ನಿಮ್ಮದೇ ಹಾಕಿಕೊಳ್ಳಿ. ಆಗ ಯಾರಿಗೂ ಇನ್ನೊಬ್ಬರದ್ದು ಕಾಣಲ್ಲ. ವಾಟ್ಸಾಪ್ ಗ್ರೂಪಿಗೂ ಇದೇ ಮಾತು. ಗ್ರೂಪ್ ಮಾಡಿದ ಕೂಡಲೇ ಎಲ್ಲರ ನಂಬರ್ ಎಲ್ಲರಿಗೂ ಹೋಗುತ್ತದೆ. ಬರೀ ಸೂಚನೆ ಕಳಿಸುವುದಾದರೆ ಬ್ರಾಡ್‌ಕಾಸ್ಟ್ ಲಿಸ್ಟ್ ಸಾಕು. ನಿಮ್ಮನ್ನು ಯಾರು ಬೇಕಾದರೂ ಗ್ರೂಪಿಗೆ ಎಳೆಯದಂತೆ ಪ್ರೈವಸಿ ಸೆಟ್ಟಿಂಗ್‌ನಲ್ಲಿ 'ನನ್ನ ಕಾಂಟ್ಯಾಕ್ಟ್‌ಗಳು ಮಾತ್ರ' ಅಂತ ಇಡಬಹುದು.

ನಮ್ಮದು ಹೋಂಸ್ಟೇ. ಅತಿಥಿಗಳು ಆಧಾರ್ ಫೋಟೋವನ್ನು ವಾಟ್ಸಾಪ್ ಮಾಡ್ತಾರೆ. ಅದರಲ್ಲಿ ತಪ್ಪೇನಿದೆ?

ಇಷ್ಟು ಹೊತ್ತು ನಿಮ್ಮ ಗುಟ್ಟಿನ ಮಾತಾಯಿತು, ಈಗ ಬೇರೆಯವರ ಗುಟ್ಟು ನಿಮ್ಮ ಕೈಯಲ್ಲಿದೆ. ಆ ಫೋಟೋ ನಿಮ್ಮ ಗ್ಯಾಲರಿಗೆ ಬರುತ್ತದೆ. ಅಲ್ಲಿಂದ ಗೂಗಲ್ ಫೋಟೋಸ್‌ಗೆ ಹೋಗುತ್ತದೆ. ಅಡುಗೆಯವಳ ಮಗ ಗೇಮ್ ಆಡಲು ಫೋನ್ ತೆಗೆದುಕೊಂಡರೆ ಅವನಿಗೂ ಕಾಣುತ್ತದೆ. ಒಂದು ಸೀಸನ್ ಮುಗಿಯುವ ಹೊತ್ತಿಗೆ ನೂರಾರು ಜನರ ಆಧಾರ್ ನಿಮ್ಮ ಜೇಬಿನಲ್ಲಿ ಓಡಾಡುತ್ತಿರುತ್ತದೆ.

ಬಂದಾಗ ಗುರುತಿನ ಚೀಟಿ ಕಣ್ಣಾರೆ ನೋಡಿ, ರಿಜಿಸ್ಟರಿನಲ್ಲಿ ಬರೆದುಕೊಳ್ಳಿ. ಪ್ರತಿ ಬೇಕೇಬೇಕು ಅಂದರೆ ಮಾಸ್ಕ್ಡ್ ಆಧಾರ್ ಕೇಳಿ. ಅದರಲ್ಲಿ ಮೊದಲ 8 ಅಂಕಿ ಮುಚ್ಚಿರುತ್ತದೆ, ಕೊನೆಯ 4 ಮಾತ್ರ ಕಾಣುತ್ತದೆ. ಆಧಾರ್ ಪ್ರಾಧಿಕಾರದ ಜಾಲತಾಣದಿಂದ ಇಳಿಸಿಕೊಳ್ಳುವಾಗಲೇ ಆ ಆಯ್ಕೆ ಸಿಗುತ್ತದೆ. ಕೆಲಸ ಮುಗಿದ ಮೇಲೆ ಫೋನಿನಿಂದ ಅಳಿಸಿ. ನಾವು ಬೇರೆ ಊರಿನ ಲಾಡ್ಜಿಗೆ ಹೋದಾಗಲೂ ಇದನ್ನೇ ಕೊಡುವುದು ಒಳ್ಳೆಯದು.

ಮಗಳಿಗೆ ಗಂಡು ಹುಡುಕ್ತಾ ಇದ್ದೀವಿ. ಬಯೋಡೇಟಾ ವಾಟ್ಸಾಪ್ ಗ್ರೂಪಿಗೆ ಹಾಕಬಹುದಾ?

ಈ ಪ್ರಶ್ನೆ ನೇರವಾಗಿ ಯಾರೂ ಕೇಳಲ್ಲ. ಟೈಪ್ ಮಾಡಿಸಲು ಬರುತ್ತಾರೆ, ಮಾಡುತ್ತಾ ನಾನೇ ಎತ್ತುತ್ತೇನೆ. ನಮ್ಮ ಕಡೆ ತೋಟದ ಮನೆಯ ಹುಡುಗರಿಗೆ ಹೆಣ್ಣು ಸಿಗುವುದೇ ಕಷ್ಟ. ಹಾಗಾಗಿ ವಧು-ವರ ಗ್ರೂಪುಗಳಲ್ಲಿ ಒಂದು ಹುಡುಗಿಯ ಬಯೋಡೇಟಾ ಬಿದ್ದರೆ ಸಂಜೆಯೊಳಗೆ ಸಿದ್ದಾಪುರ, ಶೃಂಗೇರಿ, ಬೆಂಗಳೂರು ದಾಟಿರುತ್ತದೆ.

ಆ ಒಂದು ಹಾಳೆಯಲ್ಲಿ ಏನೇನಿದೆ ನೋಡಿ. ಪೂರ್ತಿ ಹೆಸರು, ಹುಟ್ಟಿದ ತಾರೀಕು, ಗಳಿಗೆ, ಊರು. ತಂದೆ, ತಾಯಿ, ತಾಯಿಯ ತವರು. ಕೆಲಸ ಮಾಡುವ ಕಂಪನಿ, ಸಂಬಳ, ಫೋನ್ ನಂಬರ್, ಮೂರು ಫೋಟೋ. ಪಾಸ್‌ವರ್ಡ್ ಮರೆತಾಗ ಕೇಳುವ ಹಳೇ ಪ್ರಶ್ನೆಗಳು ನೆನಪಿವೆಯಾ? ತಾಯಿಯ ತವರಿನ ಹೆಸರು, ಹುಟ್ಟಿದ ಊರು. ಎಲ್ಲಕ್ಕೂ ಉತ್ತರ ಇಲ್ಲೇ ಇದೆ. ಇ-ಆಧಾರ್ ಪಿಡಿಎಫ್ ತೆರೆಯುವ ಪಾಸ್‌ವರ್ಡ್ ಹೆಸರಿನ ಮೊದಲ 4 ಅಕ್ಷರ ಮತ್ತು ಹುಟ್ಟಿದ ವರ್ಷ. ಅದೂ ಇದೆ. ಮದುವೆಯಾಗಿ ಮಗುವಾದ ಮೇಲೂ ಆ ಫೋಟೋ ಎಲ್ಲೋ ಸುತ್ತುತ್ತಲೇ ಇರುತ್ತದೆ. ಮದುವೆಯಾಗಿ ಎರಡು ವರ್ಷ ಕಳೆದ ಹುಡುಗಿಗೆ "ಸಂಬಂಧದ ವಿಚಾರ" ಅಂತ ಅಪರಿಚಿತರ ಫೋನ್ ಬಂದದ್ದನ್ನು ಒಬ್ಬ ತಾಯಿ ನನ್ನ ಮುಂದೆ ಹೇಳಿ ಬೇಜಾರು ಮಾಡಿಕೊಂಡರು.

ನಾನು ಈಗ ಎರಡು ಹಾಳೆ ಮಾಡಿಕೊಡುತ್ತೇನೆ. ಗ್ರೂಪಿಗೆ ಹಾಕುವುದರಲ್ಲಿ ವಯಸ್ಸು, ಓದು, ತಾಲೂಕು, ಗೋತ್ರ, ನಕ್ಷತ್ರ, ರಾಶಿ, ಮನೆಯ ಹಿರಿಯರೊಬ್ಬರ ನಂಬರ್. ಫೋಟೋ ಇಲ್ಲ, ಹುಡುಗಿಯ ನಂಬರ್ ಇಲ್ಲ. ಎರಡೂ ಕಡೆ ಮಾತು ಮುಂದುವರಿದ ಮೇಲೆ ಆ ಮನೆಯವರಿಗೆ ಮಾತ್ರ ಪೂರ್ತಿ ಹಾಳೆ, ಜಾತಕ. ಮೊದಲು ಕೊಂಚ ಗೊಣಗುತ್ತಾರೆ, ಆಮೇಲೆ ಒಪ್ಪುತ್ತಾರೆ. ಇನ್ನೊಂದು ವಿಷಯ: ಹಾಳೆ ಹಾಕುವ ಮೊದಲು ಆ ಹುಡುಗಿಯನ್ನು ಒಂದು ಮಾತು ಕೇಳಿದ್ದೀರಾ?

ಜೋಗಕ್ಕೆ ಹೋದಾಗ ಫೋಟೋ ಹಾಕೋದೂ ತಪ್ಪಾ?

ತಪ್ಪಲ್ಲ. ಮನೆಗೆ ವಾಪಸ್ ಬಂದ ಮೇಲೆ ಹಾಕಿ. ಪೇಟೆಯಲ್ಲಿ ಪಕ್ಕದ ಮನೆಯವರ ಕಣ್ಣಿರುತ್ತದೆ. ನಮ್ಮ ಹಳ್ಳಿಗಳದ್ದು ಒಂಟಿ ಮನೆ, ಕೂಗಿದರೂ ಕೇಳದಷ್ಟು ದೂರ. "ಕುಟುಂಬ ಸಮೇತ ಎರಡು ದಿನ ಪ್ರವಾಸ" ಅಂತ ಹಾಕಿದರೆ ಮನೆ ಖಾಲಿ ಇದೆ ಅಂತ ಡಂಗುರ ಹೊಡೆದ ಹಾಗೆ.

ನನಗೆ ಇದಕ್ಕಿಂತ ಹೆದರಿಕೆ ಕೊಯ್ಲಿನ ಫೋಟೋಗಳದ್ದು. ಅಂಗಳದ ತುಂಬ ಅಡಿಕೆ ಒಣಗುತ್ತಿರುತ್ತದೆ, ಅದರ ಮುಂದೆ ನಿಂತು ಫೋಟೋ, ಕೆಳಗೆ ಅವತ್ತಿನ ರಾಶಿ ಇಡಿ ಅಡಿಕೆಯ ರೇಟು. ಎಷ್ಟು ಮಾಲಿದೆ, ಎಲ್ಲಿದೆ, ಕಾಯಲು ಯಾರೂ ಇಲ್ಲ ಅನ್ನುವುದನ್ನು ನಾವೇ ಹೇಳಿಕೊಟ್ಟಂತಾಯಿತು. ಹೆಮ್ಮೆ ಇರಲಿ. ಮಾಲು ಮಂಡಿ ಸೇರಿದ ಮೇಲೆ ಹಾಕಿದರೂ ಲೈಕ್ ಅಷ್ಟೇ ಬೀಳುತ್ತದೆ.

ಫೋಟೋದ ಒಳಗೂ ಒಂದು ಗುಟ್ಟಿದೆ. ಕ್ಯಾಮೆರಾದಲ್ಲಿ ಲೊಕೇಷನ್ ಆನ್ ಇದ್ದರೆ, ತೆಗೆದ ಜಾಗದ ಅಕ್ಷಾಂಶ ರೇಖಾಂಶ ಆ ಫೈಲಿನಲ್ಲೇ ಕೂರುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಹೋಗಿಬಿಡುತ್ತದೆ. ಕ್ಲಿಯರ್ ಬರಲಿ ಅಂತ ಡಾಕ್ಯುಮೆಂಟ್ ಆಗಿ ಕಳಿಸಿದರೆ, ಇಮೇಲ್ ಮಾಡಿದರೆ ಹಾಗೇ ಉಳಿಯುತ್ತದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಷನ್ ಆಫ್ ಮಾಡಿಬಿಟ್ಟರೆ ತಲೆಬಿಸಿಯೇ ಇಲ್ಲ.

ಫೇಸ್‌ಬುಕ್‌ನಲ್ಲಿ ನನ್ನ ಫೋಟೋ, ನನ್ನ ಹೆಸರು ಹಾಕಿ ಯಾರೋ ದುಡ್ಡು ಕೇಳ್ತಿದ್ದಾರೆ. ನನ್ನ ಖಾತೆ ಹ್ಯಾಕ್ ಆಯ್ತಾ?

ಹೆಚ್ಚಾಗಿ ಆಗಿರಲ್ಲ. ಇದು ನಕಲಿ ಖಾತೆ. ನಿಮ್ಮ ಫೋಟೋ ಇಳಿಸಿಕೊಂಡು, ನಿಮ್ಮ ಫ್ರೆಂಡ್ಸ್ ಪಟ್ಟಿ ನೋಡಿಕೊಂಡು ಒಬ್ಬೊಬ್ಬರಿಗೇ ರಿಕ್ವೆಸ್ಟ್ ಕಳಿಸುತ್ತಾರೆ. ಆಮೇಲೆ "ಆಸ್ಪತ್ರೆಯಲ್ಲಿದ್ದೇನೆ, ಅರ್ಜೆಂಟು" ಅಂತ ಶುರು. ಆ ನಕಲಿ ಪುಟಕ್ಕೇ ಹೋಗಿ ರಿಪೋರ್ಟ್ ಒತ್ತಿ, ನನ್ನಂತೆ ನಟಿಸುತ್ತಿದ್ದಾರೆ ಅನ್ನುವುದನ್ನು ಆರಿಸಿ. ಐದಾರು ಗೆಳೆಯರಿಂದಲೂ ಮಾಡಿಸಿ. ನಿಮ್ಮ ಹತ್ತಿರದವರಿಗೆ ಫೋನ್ ಮಾಡಿಯೇ ಹೇಳಿ.

ಮುಂದೆ ಆಗದಿರಲು ಫ್ರೆಂಡ್ಸ್ ಪಟ್ಟಿ 'ನನಗೆ ಮಾತ್ರ' ಅಂತ ಇಡಿ. ಪ್ರೊಫೈಲ್ ಲಾಕ್ ಅನ್ನುವ ಸೌಲಭ್ಯವನ್ನು ಫೇಸ್‌ಬುಕ್ 2020ರಲ್ಲಿ ಭಾರತಕ್ಕೆ ತಂದಿತು. ಅದನ್ನು ಹಾಕಿದರೆ ಫ್ರೆಂಡ್ಸ್ ಅಲ್ಲದವರಿಗೆ ಫೋಟೋ ದೊಡ್ಡದಾಗಿ ಕಾಣಲ್ಲ.

'ಹಿಂದಿನ ಜನ್ಮದಲ್ಲಿ ನೀವು ಯಾರಾಗಿದ್ದಿರಿ' ಅಂತ ಬರುತ್ತಲ್ಲ, ಅದು ತಮಾಷೆ ತಾನೇ?

ತಮಾಷೆ ನಿಮಗೆ. ಫೇಸ್‌ಬುಕ್ ಬಳಕೆದಾರರ ಮಾಹಿತಿಯನ್ನು ಅವರಿಗೆ ಗೊತ್ತಿಲ್ಲದೆ ಚುನಾವಣಾ ಪ್ರಚಾರದ ಕಂಪನಿಯೊಂದು ಪಡೆದ ಕೇಂಬ್ರಿಡ್ಜ್ ಅನಾಲಿಟಿಕಾ ಹಗರಣ 2018ರಲ್ಲಿ ಬಯಲಾಯಿತು. ಅದರ ಮೂಲ ಇಂಥದ್ದೇ ಒಂದು ವ್ಯಕ್ತಿತ್ವ ಪರೀಕ್ಷೆಯ ಆಪ್. ಫೇಸ್‌ಬುಕ್ ಕೊಟ್ಟ ಲೆಕ್ಕದ ಪ್ರಕಾರ ಭಾರತದಲ್ಲಿ ಆ ಆಪ್ ಹಾಕಿಕೊಂಡವರು 335 ಜನ. ಮಾಹಿತಿ ಹೋಗಿರಬಹುದಾದವರು 5.62 ಲಕ್ಷ. ಉಳಿದವರು ಏನು ಮಾಡಿದ್ದರು? ಏನೂ ಇಲ್ಲ. ಆ 335 ಜನರ ಫ್ರೆಂಡ್ಸ್ ಆಗಿದ್ದರು, ಅಷ್ಟೇ. ಆ ದಾರಿಯನ್ನು ಹಗರಣ ಬಯಲಾಗುವ ಮೊದಲೇ, 2015ರ ಹೊತ್ತಿಗೆ ಫೇಸ್‌ಬುಕ್ ಮುಚ್ಚಿತ್ತು. ಆದರೂ ಸೆಟ್ಟಿಂಗ್ಸ್‌ನಲ್ಲಿ 'ಆಪ್ಸ್ ಆಂಡ್ ವೆಬ್‌ಸೈಟ್ಸ್' ತೆರೆದು ನೋಡಿ, ಯಾವ ಕಾಲದಲ್ಲೋ ಒಪ್ಪಿಗೆ ಕೊಟ್ಟ ಆಪ್‌ಗಳು ಅಲ್ಲಿ ಕೂತಿರುತ್ತವೆ. ಗೂಗಲ್ ಖಾತೆಯಲ್ಲೂ ಇಂಥದ್ದೇ ಪಟ್ಟಿ ಇದೆ. ಬೇಡದ್ದು ಕಿತ್ತುಹಾಕಿ.

ಮದುವೆ ಕರೆಯೋಲೆ ಅಂತ ವಾಟ್ಸಾಪ್‌ನಲ್ಲಿ ಬಂದ ಫೈಲು ಒತ್ತಿದೆ. ಏನೋ ಇನ್‌ಸ್ಟಾಲ್ ಆಯ್ತು. ಈಗ?

ಕರೆಯೋಲೆ ಎಂದಾದರೂ ಇನ್‌ಸ್ಟಾಲ್ ಆಗುತ್ತಾ? ಬಯ್ಯಲ್ಲ, ಪರಿಚಯದವರ ನಂಬರಿನಿಂದಲೇ ಬಂದಿರುತ್ತದೆ. ಅವರೂ ಒತ್ತಿರುತ್ತಾರೆ. ಫೈಲಿನ ಹೆಸರಿನ ಕೊನೆಯಲ್ಲಿ 'ಎಪಿಕೆ' ಅಂತ ಇಂಗ್ಲಿಷಿನಲ್ಲಿ ಇದ್ದರೆ ಅದು ಆಪ್. ಟ್ರಾಫಿಕ್ ದಂಡ, ಕಿಸಾನ್ ಹಣ, ಬ್ಯಾಂಕ್ ಕೆವೈಸಿ ಅಂತಲೂ ಬರುತ್ತದೆ. ಇಂಥವು ಎಸ್‌ಎಂಎಸ್ ಓದಲು ಅನುಮತಿ ಕೇಳಿ ಓಟಿಪಿ ಕದಿಯುತ್ತವೆ.

ಮೊದಲು ಡೇಟಾ, ವೈಫೈ ಆಫ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆಗೆ ತಡೆ ಹಾಕಿಸಿ. ಆ ಆಪ್ ತೆಗೆಯಿರಿ. ನಾನಾದರೆ ಫೋಟೋ ಉಳಿಸಿಕೊಂಡು ಫೋನನ್ನೇ ಪೂರ್ತಿ ರೀಸೆಟ್ ಮಾಡುತ್ತೇನೆ. ಪಾಸ್‌ವರ್ಡ್ ಬದಲಿಸುವುದು ಬೇರೆ ಫೋನಿನಿಂದ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುವ ಮೊದಲೇ ಹಿಡಿಯಬೇಕು. ನಾಳೆ ಪೇಟೆಗೆ ಬಂದು ನನ್ನನ್ನು ಕೇಳೋಣ ಅಂತ ಕಾಯಬೇಡಿ.

ನನ್ನ ಮೆಸೇಜನ್ನು ಯಾರೋ ಓದ್ತಿದ್ದಾರೆ ಅನ್ನಿಸ್ತಿದೆ. ಹೇಗೆ ತಿಳ್ಕೊಳ್ಳೋದು?

ವಾಟ್ಸಾಪ್‌ನಲ್ಲಿ 'ಲಿಂಕ್ಡ್ ಡಿವೈಸಸ್' ನೋಡಿ. ಎಲ್ಲಾದರೂ ಪ್ರಿಂಟ್ ತೆಗೆಸಲು ಅಂಗಡಿಯ ಕಂಪ್ಯೂಟರಿಗೆ ಜೋಡಿಸಿದ್ದು ಹಾಗೇ ಉಳಿದಿರಬಹುದು. ನನ್ನ ಅಂಗಡಿಯಲ್ಲೇ ಎಷ್ಟೋ ಸಲ ನಾನೇ ಲಾಗ್ ಔಟ್ ಮಾಡಿದ್ದೇನೆ. ಜಿಮೇಲ್‌ನಲ್ಲಾದರೆ ಸಾಧನಗಳ ಪಟ್ಟಿಯ ಜೊತೆ ಫಾರ್ವರ್ಡಿಂಗ್ ಸೆಟ್ಟಿಂಗ್ ಕೂಡ ನೋಡಬೇಕು. ಅದು ಕಂಪ್ಯೂಟರಿನಲ್ಲಿ ತೆರೆದಾಗ ಕಾಣುತ್ತದೆ. ಪಾಸ್‌ವರ್ಡ್ ಬದಲಿಸಿದ ಮೇಲೂ ಪ್ರತಿ ಮೇಲಿನ ನಕಲು ಬೇರೆಯವರಿಗೆ ಹೋಗುವಂತೆ ಅಲ್ಲಿ ಮಾಡಿಟ್ಟಿರಬಹುದು.

ಈ ಪ್ರಶ್ನೆ ಕೇಳುವವರಲ್ಲಿ ಹೆಣ್ಣುಮಕ್ಕಳು ಜಾಸ್ತಿ, ಅದೂ ದನಿ ತಗ್ಗಿಸಿ. ಓದುತ್ತಿರುವವರು ಮನೆಯವರೇ ಆಗಿದ್ದು, ಗೊತ್ತಾದರೆ ಹೊಡೆದಾರು ಅನ್ನುವ ಭಯ ಇದ್ದರೆ, ದಿಢೀರ್ ಅಂತ ಲಾಗ್ ಔಟ್ ಮಾಡಬೇಡಿ. ಅವರಿಗೆ ಕೂಡಲೇ ಗೊತ್ತಾಗುತ್ತದೆ. ಮೊದಲು ನಂಬಿಕೆಯ ಒಬ್ಬರಿಗೆ ಹೇಳಿ, ಅವರ ಫೋನಿನಿಂದ 181ಕ್ಕೆ ಕರೆ ಮಾಡಿ. ಅದು ಮಹಿಳಾ ಸಹಾಯವಾಣಿ.

ಮಗ ಎಂಟನೇ ಕ್ಲಾಸು. ಇನ್‌ಸ್ಟಾಗ್ರಾಮ್ ಬೇಕಂತೆ.

ಇನ್‌ಸ್ಟಾಗ್ರಾಮ್‌ನ ನಿಯಮದ ಪ್ರಕಾರ 13 ತುಂಬಿರಬೇಕು. ಕೊಡುವುದಾದರೆ ಪ್ರೈವೇಟ್ ಖಾತೆ ಇರಲಿ, ಯೂನಿಫಾರ್ಮ್ ಫೋಟೋ ಬೇಡ. ಎದೆಯ ಮೇಲಿನ ಶಾಲೆಯ ಹೆಸರೇ ವಿಳಾಸ. ಕದ್ದು ಅವನ ಫೋನ್ ನೋಡುವುದಕ್ಕಿಂತ, ಏನಾದರೂ ಎಡವಟ್ಟಾದರೆ ಮೊದಲು ನಿಮ್ಮ ಹತ್ತಿರ ಬರುವಷ್ಟು ಸಲಿಗೆ ಇಟ್ಟುಕೊಳ್ಳಿ.

ಇದಕ್ಕೆಲ್ಲ ಕಾನೂನು ಅಂತ ಏನೂ ಇಲ್ವಾ?

ಇದೆ, ಅದರ ಹಿಂದೆ ನಮ್ಮ ರಾಜ್ಯದವರೂ ಇದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂದರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಹಂತ ಹಂತವಾಗಿ ಜಾರಿಯಾಗುತ್ತವೆ.

ಕೈಗೆ ಬೇಗ ಸಿಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ. ಬೇರೆಯವರ ಪಾಸ್‌ವರ್ಡ್ ಮೋಸದಿಂದ ಬಳಸಿದರೆ ಅದರ ಸೆಕ್ಷನ್ 66ಸಿ, ಬೇರೆಯವರ ಸೋಗು ಹಾಕಿ ಆನ್‌ಲೈನಿನಲ್ಲಿ ವಂಚಿಸಿದರೆ 66ಡಿ. ಎರಡಕ್ಕೂ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಒಪ್ಪಿಗೆಯಿಲ್ಲದೆ ಖಾಸಗಿ ಅಂಗದ ಚಿತ್ರ ತೆಗೆದರೆ, ಹಂಚಿದರೆ 66ಇ. ದೂರು ಕೊಡಲು ಶಿವಮೊಗ್ಗದಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕ ದ್ರವ್ಯ ಅಪರಾಧಗಳ) ಪೊಲೀಸ್ ಠಾಣೆ ಇದೆ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ ಕೊಡಬಹುದು. ಹೋಗುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಸಿಟ್ಟಿನಲ್ಲಿ ಚಾಟ್ ಅಳಿಸಿ ಬರುವವರೇ ಹೆಚ್ಚು.

ಅಪ್ಪ ತೀರಿಕೊಂಡರು. ಅವರ ಫೇಸ್‌ಬುಕ್ ಹಾಗೇ ಇದೆ. ಏನು ಮಾಡೋದು?

ಹೋದ ವರ್ಷ ಒಬ್ಬರು ಕೇಳಿದ್ದು. ಹುಟ್ಟುಹಬ್ಬದ ದಿನ ಗೊತ್ತಿಲ್ಲದವರು "ನೂರ್ಕಾಲ ಬಾಳಿ" ಅಂತ ಬರೆದಿದ್ದರಂತೆ. ಮರಣ ಪ್ರಮಾಣಪತ್ರ ಕೊಟ್ಟು ಫೇಸ್‌ಬುಕ್‌ಗೆ ಕೋರಿಕೆ ಕಳಿಸಿದರೆ ಖಾತೆ ತೆಗೆದುಹಾಕುತ್ತಾರೆ, ಇಲ್ಲವೇ ನೆನಪಿನ ಪುಟ ಮಾಡುತ್ತಾರೆ. ಹಾಗೆ ಮಾಡಿದರೆ ಹುಟ್ಟುಹಬ್ಬದ ನೆನಪೋಲೆ ಹೋಗಲ್ಲ, ಬೇರೆಯವರು ಒಳಗೆ ಹೋಗಲೂ ಆಗಲ್ಲ. ಬದುಕಿದ್ದಾಗಲೇ ಒಬ್ಬರನ್ನು 'ಲೆಗಸಿ ಕಾಂಟ್ಯಾಕ್ಟ್' ಅಂತ ನೇಮಿಸಿಡಬಹುದು. ಗೂಗಲ್‌ನಲ್ಲೂ ಇಂಥದ್ದಿದೆ. ಖಾತೆ ಇಷ್ಟು ತಿಂಗಳು ಸುಮ್ಮನಿದ್ದರೆ ಯಾರಿಗೆ ಏನು ಕೊಡಬೇಕು ಅಂತ ಮೊದಲೇ ಹೇಳಿಡಬಹುದು. ಹೇಳಿಡದಿದ್ದರೆ, ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು, ಒಳಗಿರುವ ಫೋಟೋ ಸಮೇತ.

ಅವರು ಪೂರ್ತಿ ತೆಗೆಸುವುದು ಬೇಡ ಅಂದರು. ನೆನಪಿನ ಪುಟ ಮಾಡಿಸಿದೆವು. ಅಪ್ಪ ಕೊನೆಗೆ ಹಾಕಿದ್ದು ತೋಟದ ಬದಿಯ ಹಲಸಿನ ಮರದ ಫೋಟೋ. ಅದರ ಪ್ರಿಂಟು ತೆಗೆಸಿಕೊಂಡು ಹೊಸನಗರದ ಬಸ್ಸಿಗೆ ಹೋದರು.